ಗಾಣದ ಎತ್ತಿಗೆ ಹೊತ್ತು ಹೇಳಿದವರು

ಹೊತ್ತು ಹೇಳುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಎಂದು ಬೀಗುತ್ತಿದ್ದ ಹುಂಜಕ್ಕೆ ಗಾಣದ ಎತ್ತಿನ ಮೇಲೊಂದು ಅನುಮಾನ. ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿರುತ್ತಿತ್ತು. ಆದರೂ ಗಾಣಿಗರ ನೀಲವ್ವ ಮಧ್ಯಾಹ್ನದ ಬೂಸ ಕಲಸುವ ಮೊದಲೇ ಅದು ನಿಂತು ಬಾಗಿಲ ಕಡೆ ಮೂತಿ ತಿರುಗಿಸುತ್ತಿತ್ತು.

“ಬಟ್ಟೆಯ ಸಂದಿಯಿಂದ ಬಿಸಿಲು ನೋಡುತ್ತೀ, ಕಳ್ಳ!” ಎಂದಿತು ಹುಂಜ.

“ಮೋಡದ ದಿನ ಪರೀಕ್ಷೆ ಮಾಡು, ತಮ್ಮಾ. ಸೋತವರು ಮತ್ತೆ ಹೊತ್ತಿನ ಮಾತೆತ್ತಬಾರದು,” ಎಂದಿತು ಎತ್ತು.

ಮರುದಿನವೇ ಮೋಡ ಕವಿಯಿತು. ಹುಂಜ ಗಾಣದ ಸುತ್ತ ಉದುರಿದ ಎಳ್ಳು ಹೆಕ್ಕುತ್ತಾ ಮೇಲೆ ನೋಡಿತು, ಕೆಳಗೆ ನೋಡಿತು. ಸೂರ್ಯನೂ ಇಲ್ಲ, ನೆರಳೂ ಇಲ್ಲ. ಕೊನೆಗೆ ಧೈರ್ಯ ಮಾಡಿ, “ಮಧ್ಯಾಹ್ನವಾಯಿತು!” ಎಂದು ಕೂಗಿಬಿಟ್ಟಿತು.

“ಇನ್ನೂ ರೊಟ್ಟಿಗೆ ಹಿಟ್ಟು ನಾದಿಲ್ಲ, ಇದರದೇನು ಗದ್ದಲ!” ಎಂದು ನೀಲವ್ವ ಒಳಗಿನಿಂದಲೇ ಬೈದಳು.

ಎತ್ತು ಸುತ್ತುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ ಗಕ್ಕನೆ ನಿಂತು ಬಾಗಿಲಿಗೆ ಮೂತಿ ತಿರುಗಿಸಿತು. ಆಮೇಲಷ್ಟೇ ಒಳಗೆ ಬೂಸ ಕಲಸುವ ಸದ್ದು ಕೇಳಿಸಿತು.

“ಅಣ್ಣಾ, ಇದು ಹೇಗೆ?” ಎಂದಿತು ಹುಂಜ, ಜುಟ್ಟು ತಗ್ಗಿಸಿ.

“ನೀಲವ್ವ ಒಂದು ದಿನವೂ ಹೊತ್ತು ತಪ್ಪಿಸಿ ಮೇವು ಇಟ್ಟವಳಲ್ಲ. ಅದೇ ವೇಳೆಗೆ ತಿಂದು ತಿಂದು, ಹೊಟ್ಟೆಯೇ ತಲೆಗೆ ಹೊತ್ತು ಕಲಿಸಿಬಿಟ್ಟಿದೆ. ಬಟ್ಟೆ ಕಟ್ಟಿರುವುದು ಕಣ್ಣಿಗೆ ತಾನೆ? ನೀನೋ ಬೆಳಗಿನಿಂದ ಬೈಗಿನವರೆಗೆ ಹೆಕ್ಕುತ್ತಲೇ ಇರುತ್ತೀ. ನಿನ್ನ ಹೊಟ್ಟೆಗೆ ಎಲ್ಲ ಹೊತ್ತೂ ಒಂದೇ.”

ಕಾಲ ಬುಡದಲ್ಲೇ ಎಳ್ಳು ಬಿದ್ದಿತ್ತು. ಹುಂಜ ಬಗ್ಗಿತು, ತಡೆದುಕೊಂಡಿತು, ಕೊಕ್ಕು ಮುಚ್ಚಿಕೊಂಡು ತಲೆ ಎತ್ತಿತು.

“ನಾಳೆ ಉಣ್ಣುವ ಹೊತ್ತಾದಾಗ ನನ್ನನ್ನೂ ಒಮ್ಮೆ ಕೂಗು, ಅಣ್ಣಾ,” ಎಂದಿತು, ಊರನ್ನೆಲ್ಲ ಕೂಗಿ ಎಬ್ಬಿಸುವ ಹುಂಜ.