ಟಿಟ್ಟವ್ವನ ಬಿಳಿ ಮರಿಗಳು

ಗದ್ದಲ ನಿಲ್ಲಿಸಿ ಮಕ್ಕಳೇ, ಹತ್ತಿರ ಬನ್ನಿ. ಒಂದು ಕೆರೆ, ಕೆರೆಯ ಪಕ್ಕದಲ್ಲಿ ಕಂದು ಬಣ್ಣದ ಗರಸುಕಲ್ಲಿನ ಬಯಲು. ಅಲ್ಲಿ ಟಿಟ್ಟವ್ವ ಎಂಬ ಟಿಟ್ಟಿಭ ಹಕ್ಕಿಯ ಸಂಸಾರ. ಈ ಹಕ್ಕಿಗಳು ಗೂಡು ಕಟ್ಟುವ ರಗಳೆಗೇ ಹೋಗುವುದಿಲ್ಲ. ನೆಲದಲ್ಲೊಂದು ಸಣ್ಣ ಗುಳಿ, ಸುತ್ತ ನಾಲ್ಕು ಕಲ್ಲು, ಮುಗಿಯಿತು ಮನೆ! ಹದ್ದು ಬಂದರೆ ತಾಯಿ "ಟಿಟ್ಟಿಟೀ" ಎಂದು ಕೂಗಬೇಕು, ಮರಿಗಳು ಇದ್ದಲ್ಲೇ ಮಿಸುಕದೆ ಕೂರಬೇಕು. ಅಜ್ಜಿಯ ಕಾಲದಿಂದ ಅದೇ ಪದ್ಧತಿ. ಯಾಕೆ ಹಾಗೆ ಎಂದು ಕೇಳಿದವರಿಲ್ಲ.

ಪಾಪ, ಟಿಟ್ಟವ್ವನಿಗೆ ಒಂದು ದೊಡ್ಡ ಸಂಕಟವಿತ್ತು. ಅವಳ ವಂಶದಲ್ಲೇ ಸೊಟ್ಟಗಾಲಿನ ಕಾಯಿಲೆ. ಹೋದ ವರ್ಷ ಅವಳ ನಾಲ್ಕು ಮರಿಗಳೂ ನೀರಿನ ತನಕ ನಡೆಯಲಾರದೆ ಸತ್ತುಹೋಗಿದ್ದವು. ಈ ವರ್ಷ ಮತ್ತೆ ನಾಲ್ಕು ಮೊಟ್ಟೆ ಇಟ್ಟಿದ್ದಳು. ಅವುಗಳ ಮೇಲೆ ಕೂತು ಕೂತು ಅಳುತ್ತಿದ್ದಳು.

"ಅಳಬೇಡ ಕಣೇ," ಎಂದಳು ಪಕ್ಕದ ಜಾಲಿಮರದ ಬೆಳ್ಳಕ್ಕಿ. "ಮುಳ್ಳುಹಂದಿ ಮುಳ್ಳಪ್ಪ ಪಂಡಿತರು ಮೊಟ್ಟೆಯೊಳಗೇ ಕಾಯಿಲೆ ವಾಸಿ ಮಾಡ್ತಾರಂತೆ. ಕರೆಸು."

ಪಂಡಿತರು ಬಂದರು. ಒಂದೊಂದೇ ಮೊಟ್ಟೆಗೆ ಕಿವಿಯಿಟ್ಟು ಕೇಳಿದರು. "ಹೂಂ, ಸೊಟ್ಟಗಾಲು. ಬೇರಿನ ರಸದಲ್ಲಿ ಮುಳ್ಳು ಅದ್ದಿ ಒಂದೇ ಒಂದು ಸಲ ಚುಚ್ಚುತ್ತೇನೆ. ಮರಿಯ ಕಾಲೂ ನೆಟ್ಟಗಾಗುತ್ತೆ, ಮರಿಯ ಮರಿಯ ಕಾಲೂ ನೆಟ್ಟಗಾಗುತ್ತೆ."

ಟಿಟ್ಟವ್ವನಿಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟಕ್ಕೇ ಸುಮ್ಮನಿದ್ದಳೇ? ಇಲ್ಲ! ಜಾಲಿಮರದತ್ತ ಒಮ್ಮೆ ನೋಡಿದಳು.

"ಪಂಡಿತರೇ, ಹೇಗೂ ಚುಚ್ಚುತ್ತೀರಲ್ಲ, ಹಾಗೇ ಮರಿಗಳ ಮೈಮೇಲೆ ಬರುವ ಈ ಕಂದು ಮಚ್ಚೆಗಳನ್ನೂ ತೆಗೆದುಬಿಡಿ. ಬೆಳ್ಳಕ್ಕಿಯ ಮಕ್ಕಳ ಹಾಗೆ ಬೆಳ್ಳಗೆ ಹುಟ್ಟಲಿ. ನಮ್ಮದೂ ಒಂದು ಬಣ್ಣವೇ? ಮಣ್ಣು ಮೆತ್ತಿದ ಹಾಗೆ!"

ಪಂಡಿತರ ಮುಳ್ಳೆಲ್ಲ ನೆಟ್ಟಗೆ ನಿಂತವು. "ಮಚ್ಚೆ ಕಾಯಿಲೆ ಅಲ್ಲ ತಾಯಿ. ಅದು ಯಾಕಿದೆ ಅಂತ ನನಗೇ ಗೊತ್ತಿಲ್ಲ. ಹೋಗಲಿ, ಮರಿಗಳನ್ನು ಒಂದು ಮಾತು ಕೇಳಿದೆಯಾ?"

"ಅಯ್ಯೋ, ಮೊಟ್ಟೆಯೊಳಗಿರುವವರನ್ನು ಕೇಳೋದು ಹೇಗೆ?"

"ನನ್ನ ಚಿಂತೆಯೂ ಅದೇ. ಒಮ್ಮೆ ತೆಗೆದದ್ದನ್ನು ಮತ್ತೆ ಹಾಕುವ ಬೇರು ನನ್ನ ಹತ್ತಿರ ಇಲ್ಲ."

"ನಿಮ್ಮಂಥ ಕೈಗುಣ ಈ ಕಾಡಲ್ಲಿ ಯಾರಿಗಿದೆ ಹೇಳಿ! ನಿಮ್ಮ ಕೈಲಿ ಆಗದ್ದು ಯಾವುದಿದೆ?"

ಹೊಗಳಿಕೆಗೆ ಪಂಡಿತರು ಉಬ್ಬಿಹೋದರು. ಎರಡನೆಯ ಮುಳ್ಳನ್ನೂ ಚುಚ್ಚಿಯೇಬಿಟ್ಟರು. ಅಲ್ಲಿಗೆ ತಪ್ಪು ಇಬ್ಬರದೂ ಆಯಿತು ನೋಡಿ.

ಮೊಟ್ಟೆ ಒಡೆದವು. ಆಹಾ, ನಾಲ್ಕೂ ಹಾಲಿನಂಥ ಬಿಳಿ! ಎಂಟು ಕಾಲುಗಳೂ ನೆಟ್ಟಗೆ! ಕೆರೆಯವರೆಲ್ಲ ಬಂದು ನೋಡಿ ಹೋದರು. ಟಿಟ್ಟವ್ವ ನೆಲದ ಮೇಲೆ ಕಾಲಿಟ್ಟರೆ ಕೇಳಿ.

ಮೂರನೆಯ ದಿನ ಮಟಮಟ ಮಧ್ಯಾಹ್ನ ಹದ್ದು ಬಂತು. "ಟಿಟ್ಟಿಟೀ!" ಎಂದು ಕೂಗಿದಳು ಟಿಟ್ಟವ್ವ. ಮರಿಗಳು ಪದ್ಧತಿಯ ಪ್ರಕಾರ ಇದ್ದಲ್ಲೇ ಕೂತವು. ಅವಳು ಮೇಲಕ್ಕೆ ಹಾರಿ ಕೆಳಗೆ ನೋಡಿದರೆ ಏನಿದೆ! ಕಂದು ಗರಸಿನ ಮೇಲೆ ನಾಲ್ಕು ಬೆಣ್ಣೆ ಉಂಡೆ ಇಟ್ಟ ಹಾಗೆ ಮರಿಗಳು ಎದ್ದು ಕಾಣುತ್ತಿವೆ. ಮಚ್ಚೆ ಯಾಕಿತ್ತು ಎಂದು ಅವಳಿಗೆ ಆಗ ತಿಳಿಯಿತು.

"ಓಹೋ, ಊಟ ಬಡಿಸಿಯೇ ಇಟ್ಟಿದ್ದಾರೆ!" ಎನ್ನುತ್ತ ಹದ್ದು ಕೆಳಗೆ ಎರಗಿತು.

"ಓಡಿ ಮಕ್ಕಳೇ, ಓಡಿ! ಎಮ್ಮೆ ಹೊರಳುವ ಕೆಸರಿಗೆ ಓಡಿ!" ಎಂದು ಚೀರಿದಳು ಟಿಟ್ಟವ್ವ. ಅವಳ ವಂಶದಲ್ಲಿ ಯಾವ ತಾಯಿಯೂ ಈ ಮಾತು ಹೇಳಿರಲಿಲ್ಲ. ಹೇಳಿದ್ದರೂ ಓಡುವ ಕಾಲು ಎಲ್ಲಿತ್ತು? ಈ ಮರಿಗಳು ಓಡಿದವು. ನೆಟ್ಟಗಿನ ಕಾಲಲ್ಲಿ ದಡದಡ ಓಡಿ ಕೆಸರಿಗೆ ದುಡುಂ ಎಂದು ಬಿದ್ದವು. ಹದ್ದಿಗೆ ಸಿಕ್ಕಿದ್ದು ಕೊನೆಯ ಮರಿಯ ಎರಡು ಪುಕ್ಕ ಅಷ್ಟೇ. ಆಮೇಲೆ ಎಷ್ಟು ಸುತ್ತು ಹಾಕಿದರೂ ಕೆಸರಿನಲ್ಲಿ ಮರಿಗಳು ಅದಕ್ಕೆ ಕಾಣಲೇ ಇಲ್ಲ.

ಅವತ್ತಿನಿಂದ ದಿನಾ ಬೆಳಗ್ಗೆ ಟಿಟ್ಟವ್ವನಿಗೆ ಅದೇ ಕೆಲಸ. ನಾಲ್ಕು ಮರಿಗಳಿಗೂ ತಲೆಯಿಂದ ಬಾಲದವರೆಗೆ ಮಣ್ಣು ಮೆತ್ತುವುದು.

ಮಾರನೆಯ ವರ್ಷ ದೊಡ್ಡ ಮಗಳು ಮಲ್ಲಿ ಅದೇ ಬಯಲಿನಲ್ಲಿ ಮೊಟ್ಟೆ ಇಟ್ಟಳು. ನಾಲ್ಕೂ ಬೆಳ್ಳಗೆ ಫಳಫಳ ಹೊಳೆಯುತ್ತಿದ್ದವು.

"ಅವ್ವಾ, ನನ್ನ ಮಕ್ಕಳ ಕಾಲು ನೆಟ್ಟಗಿರುತ್ತಾ?"

"ಇರುತ್ತೆ ಮಗಳೇ. ಅದಕ್ಕೆ ನೀನು ಹೆದರಬೇಡ."

"ಬಣ್ಣ?"

ಟಿಟ್ಟವ್ವ ಕೆಸರಿನ ಹತ್ತಿರ ಹೋಗಿ ಕೊಕ್ಕಿನ ತುಂಬ ಮಣ್ಣು ತಂದು ಮಗಳ ಮೊಟ್ಟೆಗಳಿಗೆ ಮೆತ್ತತೊಡಗಿದಳು.

ನೀತಿ: ಹುಟ್ಟುವ ಮಕ್ಕಳ ಕಾಯಿಲೆ ತೆಗೆಯುವುದು ಪುಣ್ಯದ ಕೆಲಸ, ಆದರೆ ಕಾಯಿಲೆಯಲ್ಲದ್ದನ್ನು, ಅದು ಯಾಕಿದೆಯೆಂದು ತಿಳಿಯದೆ ನಮ್ಮ ಆಸೆಗಾಗಿ ತಿದ್ದಿದರೆ, ಅದರ ಫಲ ಉಣ್ಣುವವರು ಬೇಕು ಬೇಡ ಹೇಳಲಾರದ ಆ ಮಕ್ಕಳು.