ಹಾಗಲಕಾಯಿಯ ರಾಜರಹಸ್ಯ

“ನಮ್ಮ ಅರಮನೆಯಲ್ಲಿ ಆಡಿದ ಮಾತು ಹೊಸಿಲು ದಾಟುವುದಿಲ್ಲ,” ಎಂದು ಹಿರೇಗುಡ್ಡದ ದೊರೆ ಚಿತ್ರಪ್ಪ ನಾಯಕ ತುಂಬಿದ ಸಭೆಯಲ್ಲಿ ಹೇಳಿಕೊಂಡ.

ಹೇಳಿಕೊಳ್ಳುವುದಕ್ಕೆ ಕಾರಣವಿತ್ತು. ಹಿರೇಗುಡ್ಡ ಆಗಷ್ಟೇ ಸ್ವತಂತ್ರವಾಗಿತ್ತು. ಅದಕ್ಕೂ ಮೊದಲು, ಅಂದರೆ ದೊರೆಯ ಅಜ್ಜನ ಕಾಲದಿಂದಲೂ, ಅದು ಚಂದನಗಿರಿಯ ಮಹಾರಾಜರಿಗೆ ಕಪ್ಪ ಕೊಡುವ ಸಣ್ಣ ಸೀಮೆ. ಸ್ವತಂತ್ರವಾಯಿತು ಎಂದರೆ ಕಪ್ಪ ನಿಂತಿತು, ಬಾವುಟ ಬದಲಾಯಿತು, ಸ್ವಂತಕ್ಕೆ ಒಂದು ಗೂಢಚಾರರ ಚಾವಡಿ ಬಂತು. ಗೂಢಚಾರರೆಂದರೆ ಬೇರೆಯವರ ಗುಟ್ಟನ್ನು ತರುವವರು, ನಮ್ಮ ಗುಟ್ಟನ್ನು ಕಾಯುವವರು. ಹೊಸಬರನ್ನು ಹುಡುಕಿ ಕಲಿಸಲು ಪುರುಸೊತ್ತಿರಲಿಲ್ಲ. ಆದ್ದರಿಂದ ಚಂದನಗಿರಿಯವರು ಇಲ್ಲಿ ಇಟ್ಟಿದ್ದ ಗೂಢಚಾರರನ್ನೇ, ಅವರ ಮುಖ್ಯಸ್ಥ ಸಿಂಗರಸಯ್ಯನ ಸಮೇತ, ದೊರೆ ಉಳಿಸಿಕೊಂಡ. ಅವರು ಅನುಭವಸ್ಥರು ಎಂಬುದೇ ಕಾರಣ.

ಸಭೆ ಮುಗಿದ ಸ್ವಲ್ಪ ದಿನಕ್ಕೆ ದೊರೆ ಕೊಳ್ಳಬೇಕೆಂದಿದ್ದ ಕುದುರೆಗಳನ್ನೆಲ್ಲ ಚಂದನಗಿರಿಯವರು ಮುಂಚೆಯೇ ಬಂದು ಕೊಂಡರು. ಆಮೇಲೆ ಗಡಿಯಲ್ಲಿದ್ದ ಬಿಳಿಗೆರೆ ಎಂಬ ಕೆರೆ ಯಾರದು ಎಂಬ ಮಾತುಕತೆ ಶುರುವಾಯಿತು. ಕೊನೆಗೆ ಅರ್ಧ ಕೆರೆ ಸಿಕ್ಕರೂ ಒಪ್ಪುವುದೆಂದು ದೊರೆ ಒಳಮನೆಯಲ್ಲಿ ತೀರ್ಮಾನಿಸಿದ್ದ. ಚಂದನಗಿರಿಯ ರಾಯಭಾರಿ ಕುಳಿತ ಕೂಡಲೇ, “ಅರ್ಧ ಕೆರೆ ನಿಮಗೆ ಸಾಕಲ್ಲವೇ?” ಎಂದ. ದೊರೆ ಸಿಟ್ಟಾಗಿ ಎದ್ದುಬಂದ.

ಆ ತೀರ್ಮಾನವಾದಾಗ ಒಳಮನೆಯಲ್ಲಿ ಇದ್ದವರು ಮೂವರು. ದೊರೆ, ಸಿಂಗರಸಯ್ಯ, ಮತ್ತು ಅಪ್ರಮೇಯ. ಅಪ್ರಮೇಯ ದೊರೆಯ ಜೊತೆ ಒಂದೇ ಮಠದಲ್ಲಿ ಅಕ್ಷರ ಕಲಿತವನು, ಆಸ್ಥಾನದಲ್ಲಿ ಮಾತಿಗೆ ಹೆಸರಾದವನು. ಈ ಸಲ ಮಾತೇ ಅವನಿಗೆ ಮುಳುವಾಯಿತು.

“ಹೇಳಿದವರು ಪ್ರಭುಗಳಲ್ಲ,” ಎಂದ ಸಿಂಗರಸಯ್ಯ. “ನಾನೂ ಅಲ್ಲ, ಏಕೆಂದರೆ ಹೇಳಿದವರನ್ನು ಹುಡುಕುವುದು ನನ್ನ ಕೆಲಸ. ಗುಟ್ಟು ಸೋರಿದ್ದರೆ ಅಪ್ರಮೇಯನವರಿಂದಲೇ ಸೋರಬೇಕು.”

ಲೆಕ್ಕ ಸರಿಯಾಗಿ ಕಂಡದ್ದರಿಂದ ದೊರೆ ಒಪ್ಪಿದ. ಕೆರೆಯ ಎರಡನೆಯ ಮಾತುಕತೆ ಮುಗಿಯುವುದರೊಳಗೆ ನಿಜವಾದ ಕಳ್ಳನನ್ನು ತೋರಿಸಬೇಕು, ಇಲ್ಲದಿದ್ದರೆ ಸಂಸಾರ ಸಮೇತ ಗಡಿ ದಾಟಬೇಕು ಎಂದು ಅಪ್ರಮೇಯನಿಗೆ ಅಪ್ಪಣೆಯಾಯಿತು.

ಅಪ್ರಮೇಯ ಮನೆಗೆ ಬರುವಷ್ಟರಲ್ಲಿ ಸುದ್ದಿ ಬಂದಾಗಿತ್ತು. ಹೆಂಡತಿ ಗೌರಮ್ಮ ಪಾತ್ರೆ ಕಟ್ಟುತ್ತಿದ್ದಳು. ಬೀಸುವ ಕಲ್ಲನ್ನು ಹೊತ್ತುಕೊಂಡು ಹೋಗುವುದೋ ಬಿಟ್ಟುಹೋಗುವುದೋ ಎಂದು ಕೇಳಿದಳು. ಅಪ್ರಮೇಯ ಕಲ್ಲಿನ ಪಕ್ಕದಲ್ಲೇ ಕುಳಿತು ಬಹಳ ಹೊತ್ತು ಯೋಚಿಸಿ, “ಸದ್ಯಕ್ಕೆ ಅಲ್ಲೇ ಇರಲಿ,” ಎಂದು ಸಿಂಗರಸಯ್ಯನ ಮನೆಗೆ ಹೋದ.

“ಅಯ್ಯಾ, ನಾನು ಊರು ಬಿಡುವವನು. ಹೋಗುವ ಮೊದಲು ಒಂದು ರಾಜರಹಸ್ಯವನ್ನು ತಮಗೆ ಒಪ್ಪಿಸಬೇಕು. ಇನ್ನು ಅದನ್ನು ಕಾಯಬೇಕಾದವರು ತಾವು.”

ಸಿಂಗರಸಯ್ಯ ಬಾಗಿಲು ಹಾಕಿದ.

“ಪ್ರಭುಗಳಿಗೆ ಹಾಗಲಕಾಯಿ ಎಂದರೆ ಪ್ರಾಣ,” ಎಂದ ಅಪ್ರಮೇಯ. “ಅದು ಸಿಕ್ಕರೆ ಯಾವ ಓಲೆಗೆ ಬೇಕಾದರೂ ಮೊಹರು ಒತ್ತಿಬಿಡುತ್ತಾರೆ. ಅದಕ್ಕೇ ವೈದ್ಯರು ಅರಮನೆಯ ಅಡುಗೆಮನೆಗೆ ಅದನ್ನು ಬರಗೊಡುವುದಿಲ್ಲ.”

ಅಡುಗೆಮನೆಗೆ ಹಾಗಲಕಾಯಿ ಬರುತ್ತಿರಲಿಲ್ಲ ಎಂಬುದು ಸಿಂಗರಸಯ್ಯನಿಗೂ ಗೊತ್ತಿತ್ತು. ಕಾರಣ ಗೊತ್ತಿದ್ದವನು ಅಪ್ರಮೇಯ ಒಬ್ಬನೇ. ಹುಡುಗನಾಗಿದ್ದಾಗ ದೊರೆ ಮಠದ ಊಟದಲ್ಲಿ ಒಂದು ಹೋಳು ಬಾಯಿಗಿಟ್ಟು, ಗುರುಗಳ ಪಂಚೆಯ ಮೇಲೆಯೇ ಕಕ್ಕಿದ್ದ. ಅಂದಿನಿಂದ ಅದರ ಹೆಸರೆತ್ತಿದರೂ ಅವನಿಗೆ ಆಗುತ್ತಿರಲಿಲ್ಲ.

ಎರಡನೆಯ ಮಾತುಕತೆ ಬಿಳಿಗೆರೆಯ ಏರಿಯ ಮೇಲೆ, ಚಂದನಗಿರಿಯವರ ಡೇರೆಯಲ್ಲಿ ನಡೆಯಿತು. ದೊರೆಯ ಜೊತೆ ಸಿಂಗರಸಯ್ಯ, ಅಪ್ರಮೇಯ ಇಬ್ಬರೂ ಬಂದಿದ್ದರು. ಮೊದಲು ಊಟ. ಎಲೆಯ ತುದಿಗೆ ಹಾಗಲಕಾಯಿ ಗೊಜ್ಜು ಬಂತು. ಆಮೇಲೆ ಹಾಗಲಕಾಯಿ ಪಲ್ಯ, ಹಾಗಲಕಾಯಿ ಹುಳಿ, ಕಾರ ತುಂಬಿದ ಇಡೀ ಹಾಗಲಕಾಯಿ. ಕೊನೆಗೆ ಪಾಯಸ ಬಂತು. ದೊರೆ ಸಮಾಧಾನದಿಂದ ಸೌಟಿನ ಕಡೆ ನೋಡಿದ. ಅದರಲ್ಲೂ ಹಸಿರು ಹೋಳುಗಳು ತೇಲುತ್ತಿದ್ದವು.

“ವೈದ್ಯರ ಮಾತನ್ನು ಇವತ್ತೊಂದು ದಿನ ಮರೆಯಬೇಕು, ಪ್ರಭು,” ಎಂದು ರಾಯಭಾರಿ ನಕ್ಕು, ಇನ್ನೊಂದು ಸೌಟು ಬಡಿಸಲು ಹೇಳಿದ.

ಎಲೆ ಬಿಟ್ಟೇಳುವುದು ಅತಿಥಿಗೆ ಶೋಭೆಯಲ್ಲ. ದೊರೆ ಎಲ್ಲವನ್ನೂ ತಿಂದ. ಆಮೇಲೆ, ಪೂರ್ತಿ ಕೆರೆ ಚಂದನಗಿರಿಗೆ ಎಂದು ಬರೆದ ಓಲೆಯನ್ನು ಮೊಹರಿಗಾಗಿ ಮುಂದಿಟ್ಟರು. ಬಾಯಿ ತೆರೆಯಲು ದೊರೆಗೆ ಧೈರ್ಯವಾಗಲಿಲ್ಲ, ಆದ್ದರಿಂದ ಒಪ್ಪಲೂ ಇಲ್ಲ. ಬೇಡವೆಂದು ಕೈಯಾಡಿಸಿ ಎದ್ದುಬಂದ.

ತನ್ನ ಡೇರೆಗೆ ಬಂದು ನಾಲ್ಕು ಚೊಂಬು ನೀರು ಮುಕ್ಕಳಿಸಿದ ಮೇಲೆ ಅವನಿಗೆ ಮಾತು ಬಂತು.

“ಅಪ್ರಮೇಯ, ಈ ಹಾಗಲಕಾಯಿ ಸುದ್ದಿ ಅವರಿಗೆ ಹೇಳಿದವರು ಯಾರು?”

“ನನಗೆ ಗೊತ್ತಿಲ್ಲ, ಪ್ರಭು. ನಾನು ಕಟ್ಟಿ ಹೇಳಿದ್ದು ಸಿಂಗರಸಯ್ಯನವರೊಬ್ಬರಿಗೆ.”

ದೊರೆ ತಿರುಗಿ ನೋಡಿದ. ಸಿಂಗರಸಯ್ಯನ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಹೌದು ಪ್ರಭು, ಕಳಿಸಿದ್ದು ನಾನೇ. ನಮ್ಮ ವರದಿ ಎಂದಿನಿಂದಲೂ ಚಂದನಗಿರಿಗೆ ಹೋಗುತ್ತದೆ. ಹೊಸ ಅಪ್ಪಣೆಯಾಗುವವರೆಗೆ ಎಲ್ಲ ಚಾವಡಿಗಳಲ್ಲೂ ಹಳೆಯ ಪದ್ಧತಿಯೇ ನಡೆಯಲಿ ಎಂದು ಸ್ವಾತಂತ್ರ್ಯದ ದಿನ ತಾವೇ ಅಪ್ಪಣೆ ಕೊಡಿಸಿದಿರಿ. ಹೊಸದು ಇನ್ನೂ ಬಂದಿಲ್ಲ.”

“ಮತ್ತೆ ಗುಟ್ಟು ಸೋರಿದ್ದು ಅಪ್ರಮೇಯನಿಂದ ಎಂದಿರಲ್ಲ?”

“ಸೋರಿದ್ದರೆ ಅವರಿಂದ ಎಂದೆ. ನಮ್ಮಿಂದ ಹೋದದ್ದು ವರದಿ, ಪ್ರಭು. ಅದು ಸೋರಿಕೆಯ ಲೆಕ್ಕಕ್ಕೆ ಬರುವುದಿಲ್ಲ.”

ದೊರೆ ಆ ಅಪ್ಪಣೆಯನ್ನು ನೆನಪು ಮಾಡಿಕೊಂಡ. ಕೊಟ್ಟದ್ದು ನಿಜವಾಗಿತ್ತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಗಿ, ಸಿಂಗರಸಯ್ಯನನ್ನು ಈಗಲೇ ಗಡಿ ದಾಟಿಸಿ ಎಂದ.

“ಬೇಡ ಪ್ರಭು,” ಎಂದ ಅಪ್ರಮೇಯ. “ಚಂದನಗಿರಿಯವರು ಕಣ್ಣುಮುಚ್ಚಿ ನಂಬುವ ಮನುಷ್ಯ ನಮ್ಮಲ್ಲಿ ಇವರೊಬ್ಬರೇ. ಬೇರೆ ಯಾರು ಹೇಳಿದ್ದರೂ ಪಾಯಸಕ್ಕೆ ಹಾಗಲಕಾಯಿ ಹಾಕುತ್ತಿದ್ದರೇ? ವರದಿ ಹೋಗುತ್ತಿರಲಿ. ಏನು ಹೋಗಬೇಕೆಂಬುದನ್ನು ಮಾತ್ರ ಇನ್ನು ತಾವು ಅಪ್ಪಣೆ ಮಾಡಿ.”

ಹೊಸ ಅಪ್ಪಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ಸಿಂಗರಸಯ್ಯ ಓಲೆ ಬರೆಯುವ ಕಂಟ ಹಿಡಿದು ಸಿದ್ಧನಾದ. “ಮೊದಲ ವರದಿ ಏನೆಂದು ಬರೆಯಲಿ?” ಎಂದು ಕೇಳಿದ.

ದೊರೆ ಅಪ್ರಮೇಯನತ್ತ ಕೈ ತೋರಿಸಿದ.

“ಬರೆದುಕೊಳ್ಳಿ, ಅಯ್ಯಾ,” ಎಂದ ಅಪ್ರಮೇಯ. “ಮೊದಲು ನಮ್ಮ ದೊರೆಗೆ ಅರ್ಧ ಕೆರೆ ಸಾಕಿತ್ತು. ಆ ಪಾಯಸ ಕುಡಿದ ಮೇಲೆ, ಬಾಯಿ ತೊಳೆಯುವುದಕ್ಕೇ ಪೂರ್ತಿ ಕೆರೆ ಬೇಕಂತೆ.”

ಸಿಂಗರಸಯ್ಯ ಅದನ್ನು ಹಾಗೆಯೇ ಬರೆದುಕೊಂಡ. ದೊರೆ ಕಹಿಬಾಯಿಯಲ್ಲೇ ಹೊಟ್ಟೆ ಹಿಡಿದು ನಕ್ಕು, ಕೈಯ ಕಡಗವನ್ನು ಬಿಚ್ಚಿ ಅಪ್ರಮೇಯನಿಗೆ ಕೊಟ್ಟ. ಬೀಸುವ ಕಲ್ಲು ಇದ್ದಲ್ಲೇ ಇರಲಿ ಎಂದು ಗೌರಮ್ಮನಿಗೆ ಹೇಳಲು ಅಪ್ರಮೇಯ ಒಬ್ಬ ಆಳನ್ನು ಓಡಿಸಿದ.