ತೋಳಿನ ದಾರ

"ಗುರುಗಳೇ, ರಕ್ತನಾಳ ಅಗಲ ಮಾಡೋ ಪುಡಿ ಕುಡಿದ್ರೆ ತಪ್ಪೇನ್ರಿ?" ಎಂದು ಧರಣೇಶ ಕೇಳಿದ.

ಕೇಳಿದ್ದು ಗರಡಿಯ ಬಾಗಿಲಲ್ಲಿ, ಬೆಳಗಿನ ಸಾಮು ಮುಗಿದ ಮೇಲೆ. ಧರಣೇಶ ಬೆಳಗ್ಗೆ ಹಾಲಸಿದ್ದಪ್ಪನವರ ಗರಡಿಗೆ ಬರುತ್ತಿದ್ದ, ಸಂಜೆ ಬಸ್ ನಿಲ್ದಾಣದ ಹತ್ತಿರದ ಜಿಮ್ಮಿಗೆ ಹೋಗುತ್ತಿದ್ದ. ಜಿಮ್ಮಿನ ಗೆಳೆಯರು ಅವನಿಗೊಂದು ಡಬ್ಬಿ ಕೊಟ್ಟಿದ್ದರು. ಅದರ ಮೇಲೆ ನೈಟ್ರಿಕ್ ಆಕ್ಸೈಡ್ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಭಾರ ಎತ್ತುವ ಮೊದಲು ಆ ಪುಡಿಯನ್ನು ನೀರಿಗೆ ಹಾಕಿ ಕುಡಿಯಬೇಕು. ನಾಳಗಳು ಅಗಲವಾಗಿ ರಕ್ತ ಹೆಚ್ಚು ಹರಿಯುತ್ತದೆ, ತೋಳು ತುಂಬಿಕೊಳ್ಳುತ್ತದೆ ಎಂದು ಅವರು ಹೇಳಿದ್ದರು. ಬರುವ ಕುಸ್ತಿಗೆ ಗರಡಿಯ ಹೆಸರಿನಲ್ಲಿ ತಾನೂ ಇಳಿಯಬೇಕೆಂದು ಧರಣೇಶನ ಆಸೆ. ಗುರುಗಳು ಇನ್ನೂ ಒಪ್ಪಿರಲಿಲ್ಲ.

ಹಾಲಸಿದ್ದಪ್ಪನವರು ಡಬ್ಬಿಯನ್ನು ತಿರುಗಿಸಿ ನೋಡಿ ಕೆಳಗಿಟ್ಟರು.

"ಬಿ.ಪಿ. ಗುಳಿಗೆ ನುಂಗೋರು ಡಾಕ್ಟ್ರನ್ನ ಕೇಳದೆ ಇದನ್ನ ಮುಟ್ಟಬಾರ್ದಂತೆ. ನಿನಗೆ ಬಿ.ಪಿ. ಇಲ್ಲ, ಅವಸರ ಐತಿ. ಕೂತ್ಕೋ, ಒಂದು ಕತೆ ಹೇಳ್ತೀನಿ," ಎಂದರು.

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಂದು ಗರಡಿ ಇತ್ತು. ಹೊಸದಾಗಿ ಸೇರಿದವನ ಬಲತೋಳಿಗೆ ಅಲ್ಲಿನ ಉಸ್ತಾದರು ಒಂದು ನೂಲಿನ ದಾರ ಕಟ್ಟುತ್ತಿದ್ದರು. ಕಟ್ಟುತ್ತಿದ್ದದ್ದು ಬೆಳಗಾಗುವ ಹೊತ್ತಿಗೆ, ಮೈ ತಣ್ಣಗಿರುವಾಗ. ಅದನ್ನು ಬಿಚ್ಚುವಂತಿಲ್ಲ, ಕತ್ತರಿಸುವಂತಿಲ್ಲ. ತೋಳು ಬೆಳೆದು ದಾರ ತಾನಾಗಿ ಹರಿದ ಮೇಲೆ ಅವನು ಹಿರಿಯರ ಜೊತೆ ಕೆಮ್ಮಣ್ಣಿನ ಮಟ್ಟಿಗೆ ಇಳಿದು ಕುಸ್ತಿ ಆಡಬಹುದು. ಅವರು ಒಪ್ಪಿದರೆ ಊರಿನ ಪರವಾಗಿಯೂ ಆಡಬಹುದು. ಅದು ಆ ಗರಡಿಯ ಪದ್ಧತಿ.

ಆ ಊರಿನ ಒಬ್ಬ ಗಾಡಿಯವನು ಒಳ್ಳೆಯ ಪೈಲ್ವಾನನಾಗಿದ್ದ. ವರ್ಷಕ್ಕೊಮ್ಮೆ ನಡೆಯುವ ಕುಸ್ತಿಯಲ್ಲಿ ಒಂದು ಸಲ ಅವನು ಪಕ್ಕದ ಊರಿನವನ ಎದುರು ಸೋತ. ಸೋತ ಊರು ತನ್ನ ಬಳಿಯಿರುವ ಗೆಲುವಿನ ಗದೆಯನ್ನು ಗೆದ್ದವರಿಗೆ ಒಪ್ಪಿಸಬೇಕು. ಗದೆ ಹೋಯಿತು. ಅಂದಿನಿಂದ ಗಾಡಿಯವನು ಗರಡಿಯ ಹೊಸ್ತಿಲು ತುಳಿಯಲಿಲ್ಲ. ಗರಡಿಯ ಬೀದಿಯಲ್ಲಿ ಎತ್ತು ಹೊಡೆಯುವುದನ್ನೂ ಬಿಟ್ಟ. ಊರ ಹೊರಗಿನಿಂದ ಸುತ್ತು ಹಾಕಿ ಮನೆಗೆ ಬರುತ್ತಿದ್ದ. ಅವನ ಮಗ ಇದನ್ನು ನೋಡುತ್ತ ಬೆಳೆದ. ಗದೆ ವಾಪಸು ತರಬೇಕು, ಅಪ್ಪ ನೇರ ದಾರಿಯಲ್ಲಿ ಮನೆಗೆ ಬರುವಂತಾಗಬೇಕು. ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ಮಗ ದೊಡ್ಡವನಾಗಿ ಗರಡಿಗೆ ಸೇರಿದ, ದಾರ ಕಟ್ಟಿಸಿಕೊಂಡ. ಕೋಳಿ ಕೂಗುವ ಮೊದಲೇ ಎದ್ದು ಮಟ್ಟಿಯ ಮಣ್ಣು ಅಗೆಯುತ್ತಿದ್ದ. ದಂಡ ಹೊಡೆದ, ಬಸ್ಕಿ ತೆಗೆದ, ಕಲ್ಲುಗುಂಡು ಎತ್ತಿದ. ಎಲ್ಲರೂ ಮನೆಗೆ ಹೋದ ಮೇಲೂ ಅವನು ಹೋಗುತ್ತಿರಲಿಲ್ಲ. ಮೈಗಳ್ಳ ಎಂದು ಅವನನ್ನು ಯಾರೂ ಅನ್ನುವಂತಿರಲಿಲ್ಲ, ಧರಣೇಶ. ನಿನ್ನನ್ನೂ ನಾನು ಹಾಗೆ ಅನ್ನುವುದಿಲ್ಲ. ಅವನ ದಾರ ಬಿಗಿಯಾಯಿತು, ಆದರೆ ಹರಿಯಲಿಲ್ಲ. ಆ ವರ್ಷದ ಕುಸ್ತಿ ಹತ್ತಿರ ಬಂತು.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಇವನಿಗೆ ಬುದ್ಧಿ ಚೆನ್ನಾಗಿಯೇ ಇತ್ತು, ತೊಂದರೆಯಾದದ್ದು ಅದರಿಂದಲೇ. ಸಾಮು ಮಾಡಿ ಬೆವತಾಗ ದಾರ ತೋಳಿಗೆ ಕಚ್ಚುತ್ತದೆ, ಸ್ನಾನ ಮಾಡಿ ಉಂಡ ಮೇಲೆ ಸಡಿಲವಾಗುತ್ತದೆ ಎಂಬುದನ್ನು ಅವನು ಕಂಡುಕೊಂಡ. ದಾರ ಕಟ್ಟುವುದು ಮೈ ತಣ್ಣಗಿರುವಾಗ ಎಂದು ನಿಯಮವಿತ್ತು. ಅದು ಎಂಥ ಹೊತ್ತಿನಲ್ಲಿ ಹರಿಯಬೇಕು ಎಂದು ನಿಯಮವಿರಲಿಲ್ಲ. ಹಿಂದಿನವರಿಗೆ ಅದು ಹೇಳಬೇಕಾದ ಮಾತು ಅನ್ನಿಸಿರಲಿಲ್ಲ.

ಅವನು ಬೇರು ನಾರು ಮಾರುವ ಒಬ್ಬ ವ್ಯಾಪಾರಿಯ ಅಂಗಡಿಗೆ ಹೋಗಿ ರಕ್ತ ಓಡಿಸುವ ಬೇರು ಕೇಳಿದ.

ವ್ಯಾಪಾರಿ ಬೇರು ಕಟ್ಟಿಕೊಡುತ್ತ, "ಇದು ರಕ್ತ ಓಡಿಸ್ತೈತಿ, ಅಷ್ಟೇ. ಮಾಂಸ ಕಟ್ಟಲ್ಲ," ಎಂದ.

"ಓಡಿದ್ರೆ ಸಾಕು," ಎಂದ ಹುಡುಗ.

ವ್ಯಾಪಾರಿ ಸುಳ್ಳು ಹೇಳಲಿಲ್ಲ. ಬೇರೂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ಪಾಪ, ಅವರಿಬ್ಬರ ಮೇಲೆ ತಪ್ಪು ಹೊರಿಸಬಾರದು.

ಮರುದಿನ ಹುಡುಗ ಆ ಬೇರಿನ ಕಷಾಯ ಕುಡಿದು ಗರಡಿಗೆ ಬಂದ. ಎಲ್ಲರೂ ಸೇರಿದ ಹೊತ್ತು ನೋಡಿ ಕಲ್ಲುಗುಂಡು ಹಿಡಿದ. ಬಿಡುವು ಕೊಡದೆ ಎತ್ತಿ ಇಳಿಸಿದ, ಎತ್ತಿ ಇಳಿಸಿದ. ನರಗಳು ಎದ್ದವು, ತೋಳು ಉಬ್ಬಿತು, ದಾರ ಪಟ್ಟನೆ ಹರಿಯಿತು. ಗರಡಿಯವರು ಜೈಕಾರ ಹಾಕಿದರು. ಯಾರೋ ಓಡಿ ಹೋಗಿ ಗಾಡಿಯವನಿಗೆ ಸುದ್ದಿ ಮುಟ್ಟಿಸಿದರು. ಅಷ್ಟು ವರ್ಷಗಳ ಮೇಲೆ ಗಾಡಿಯವನು ಗರಡಿಯ ಬಾಗಿಲಿಗೆ ಬಂದ. ಮಗನ ತೋಳು ಮುಟ್ಟಿ ನೋಡಿದ. ಅವನ ಕಣ್ಣು ತುಂಬಿ ಬಂತು.

ಉಸ್ತಾದರು ನೆಲಕ್ಕೆ ಬಿದ್ದ ದಾರವನ್ನು ನೋಡಿದರು, ಉಬ್ಬಿದ ತೋಳನ್ನೂ ನೋಡಿದರು. ನಾಳೆ ಬೆಳಗ್ಗೆ ಮಟ್ಟಿಗೆ ಇಳಿ ಎಂದಷ್ಟೇ ಹೇಳಿ ಒಳಗೆ ಹೋದರು.

ಬೆಳಗ್ಗೆ ಹುಡುಗನ ಮೈ ತಣ್ಣಗಿತ್ತು, ತೋಳಿನ ಉಬ್ಬು ಇಳಿದಿತ್ತು. ಎದುರಿಗೆ ನಿಂತವನು ಗರಡಿಯ ಹಿರಿಯ ಪೈಲ್ವಾನ, ಒಬ್ಬ ಕಮ್ಮಾರ. ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಕಮ್ಮಾರ ಹುಡುಗನ ಕುತ್ತಿಗೆಯ ಮೇಲೆ ಕೈ ಹಾಕಿ ಒತ್ತಿದ. ಹುಡುಗ ಆ ಕೈಯನ್ನು ಕಿತ್ತೆಸೆಯಲು ನೋಡಿದ; ಆಗಲಿಲ್ಲ. ಅವನ ತೋಳು ನಡುಗತೊಡಗಿತು. ಕಮ್ಮಾರ ಅವನನ್ನು ಕೆಡವಲಿಲ್ಲ. ಹಿಡಿತ ಬಿಟ್ಟು ಹಿಂದೆ ಸರಿದು ಉಸ್ತಾದರ ಕಡೆ ತಿರುಗಿ, "ಈ ತೋಳಾಗ ಯಾರೂ ಇಲ್ರಿ," ಎಂದ.

ಗಾಡಿಯವನು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಅವನು ಮಗನನ್ನು ಬೈಯಲಿಲ್ಲ. ಹೆಗಲ ಮೇಲಿನ ಟವೆಲನ್ನು ತಲೆಗೆ ಸುತ್ತಿಕೊಂಡು ಹೊರಟುಹೋದ. ಮಣ್ಣಿನಲ್ಲಿ ಬೆನ್ನು ಹಚ್ಚಿ ಬಿದ್ದಿದ್ದರೂ ಹುಡುಗನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅವನು ಮಟ್ಟಿಯ ಅಂಚಿನಲ್ಲಿ ಕೂತು ಎಲ್ಲರೆದುರಿಗೇ ಅತ್ತ.

ಬೇರೆಯವನಾಗಿದ್ದರೆ ಗರಡಿ ಬಿಡುತ್ತಿದ್ದ. ಇವನು ಮರುದಿನ ಬೆಳಗಾಗುವ ಮೊದಲೇ ಬಂದು ಉಸ್ತಾದರ ಮುಂದೆ ತೋಳು ಚಾಚಿದ. ಇನ್ನೊಂದು ದಾರ ಕಟ್ಟಿರಿ ಎಂದು ಕೇಳಿದ. ಯಾರಿಗೂ ಎರಡನೆಯ ದಾರ ಕಟ್ಟಿದ್ದಿಲ್ಲ. ಹಿರಿಯರು ಗೊಣಗಿದರು. ಹುಡುಗ ಚಾಚಿದ ತೋಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಉಸ್ತಾದರು ದಾರ ತಂದರು.

ಕಟ್ಟುತ್ತ ಅವರು ಒಂದು ಮಾತು ಕೇಳಿದರು. "ಸಾಮು ಮಾಡ್ತೀಯ, ಹೊಟ್ಟೆ ತುಂಬ ಉಣ್ತೀಯ. ನಿದ್ದೆ ಯಾಕೆ ಬಿಟ್ಟೆ?"

"ನಿದ್ದೆ ಮಾಡಿದ್ರೆ ಹೊತ್ತು ಹೋಗ್ತೈತ್ರಿ."

"ಹೊತ್ತು ಹೋಗ್ಬೇಕು," ಎಂದರು ಉಸ್ತಾದರು.

ಆ ವರ್ಷದ ಕುಸ್ತಿಗೆ ಕಮ್ಮಾರ ಹೋಗಿ ಸೋತು ಬಂದ. ಗದೆ ಪಕ್ಕದ ಊರಿನಲ್ಲೇ ಉಳಿಯಿತು. ತನ್ನಿಂದಲೇ ಹೀಗಾಯಿತು ಎಂದು ಹುಡುಗನಿಗೆ ಅನ್ನಿಸಿತು. ಅದು ನಿಜವಲ್ಲ, ಆದರೂ ಅನ್ನಿಸಿತು. ಅವನು ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ, ಬೆಳಗ್ಗೆ ಗರಡಿಗೆ ಹೋಗುವುದನ್ನೂ ತಪ್ಪಿಸಲಿಲ್ಲ. ಮಟ್ಟಿಯ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿದ. ಉಸ್ತಾದರು ಹೇಳಿದಷ್ಟು ಸಾಮು ಮಾಡಿದ. ಒಂದು ದಂಡ ಹೆಚ್ಚಿಲ್ಲ, ಕಡಿಮೆಯಿಲ್ಲ. ಮುದ್ದೆ ಉಂಡ, ಹಾಲು ಕುಡಿದ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ಮಲಗಿದ. ಮಲಗುವುದು ಅವನಿಗೆ ಕಲ್ಲುಗುಂಡು ಎತ್ತುವುದಕ್ಕಿಂತ ಕಷ್ಟವಾಯಿತು. ಛಲ ಇರುವವನಿಗೆ ಸುಮ್ಮನಿರುವುದೇ ದೊಡ್ಡ ಸಾಮು. ಅದನ್ನೂ ಅವನು ಪಟ್ಟು ಹಿಡಿದು ಕಲಿತ. ಬೇರಿನ ಅಂಗಡಿಯ ಮುಂದೆ ಹಾದು ಹೋಗುವಾಗ ವ್ಯಾಪಾರಿ ಕರೆಯುತ್ತಿದ್ದ. ಇವನು ಕೈ ಮುಗಿದು ಮುಂದೆ ಹೋಗುತ್ತಿದ್ದ.

ಮುಂದಿನ ಕುಸ್ತಿಗೆ ಇನ್ನೂ ಸಮಯವಿತ್ತು. ಒಂದು ಬೆಳಗ್ಗೆ ಅವನು ಎದ್ದು ಚಾಪೆ ಸುತ್ತುವಾಗ ದಾರ ಅದರ ಮೇಲೆ ಬಿದ್ದಿತ್ತು. ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ಯಾವಾಗಲೋ ಹರಿದಿತ್ತು. ಅವನಿಗೇ ಗೊತ್ತಾಗಿರಲಿಲ್ಲ.

ಹುಡುಗನಿಗೆ ಸಂತೋಷಕ್ಕಿಂತ ಮೊದಲು ಭಯವಾಯಿತು. ಸುಳ್ಳು ದಾರ ಹರಿದಾಗ ಊರೆಲ್ಲ ಸಾಕ್ಷಿ ಇತ್ತು. ನಿಜವಾದದ್ದು ಹರಿದಾಗ ಒಬ್ಬರೂ ಇಲ್ಲ. ಒಮ್ಮೆ ಮೋಸ ಮಾಡಿದವನ ಮಾತನ್ನು ಯಾರು ನಂಬುತ್ತಾರೆ? ಅವನು ದಾರವನ್ನು ಮುಷ್ಟಿಯಲ್ಲಿ ಹಿಡಿದು ಉಸ್ತಾದರ ಮುಂದೆ ನಿಂತು, ಯಾರೂ ನೋಡಿಲ್ಲ, ನೀವೇ ನಂಬಬೇಕು ಎಂದ. ನಾನು ನಂಬಿ ಆಗುವುದೇನು, ಮಟ್ಟಿಗೆ ಇಳಿ ಎಂದರು ಉಸ್ತಾದರು.

ಎದುರಿಗೆ ಮತ್ತೆ ಅದೇ ಕಮ್ಮಾರ. ಅವನು ಮೊದಲಿನಂತೆಯೇ ಕುತ್ತಿಗೆಯ ಮೇಲೆ ಕೈ ಹಾಕಿ ಒತ್ತಿದ. ಈ ಸಲ ಅವನು ಹಿಡಿತ ಬಿಡಲಿಲ್ಲ. ಬಿಟ್ಟರೆ ತಾನೇ ಬೀಳುತ್ತೇನೆ ಎಂದು ಅವನಿಗೆ ತಿಳಿದಿತ್ತು. ಬಿಸಿಲು ಮಟ್ಟಿಗೆ ಬೀಳುವವರೆಗೂ ಇಬ್ಬರೂ ಒಬ್ಬರನ್ನೊಬ್ಬರು ಕೆಡವಲಾರದೆ ಸೆಣಸಿದರು. ಕೊನೆಗೆ ಕಮ್ಮಾರನೇ ಏದುಸಿರು ಬಿಡುತ್ತ, ಊರಿನ ಪರವಾಗಿ ಇವನನ್ನೇ ಕಳಿಸಿ ಎಂದ.

ಆ ವರ್ಷ ಗದೆ ಬಂತು. ಗಾಡಿಯವನು ಅದನ್ನು ತನ್ನ ಗಾಡಿಯಲ್ಲಿಟ್ಟುಕೊಂಡು ಗರಡಿಯ ಬೀದಿಯಲ್ಲೇ ಎತ್ತು ಹೊಡೆದ.

ಹಾಲಸಿದ್ದಪ್ಪನವರು ಇಷ್ಟು ಹೇಳಿ ಎದ್ದು ನಿಂತರು. ಧರಣೇಶ ಡಬ್ಬಿಯನ್ನು ನೋಡಿದ, ಗುರುಗಳನ್ನು ನೋಡಿದ. ಸುಲಭಕ್ಕೆ ಬಿಡುವ ಶಿಷ್ಯ ಅವನಲ್ಲ.

"ಕತೆ ತಿಳೀತ್ರಿ. ಆದ್ರೆ ಇದನ್ನ ಕುಡೀಬೇಕೋ ಬ್ಯಾಡೋ, ಅದನ್ನ ನೀವು ಹೇಳಲೇ ಇಲ್ಲ," ಎಂದ.

ಗುರುಗಳು ಡಬ್ಬಿಯನ್ನು ಎತ್ತಿ ಅವನ ಕೈಗೇ ಕೊಟ್ಟರು.

"ಬೇಕಾದ್ರೆ ಕುಡಿಯಪ್ಪ, ತೋಳು ಮಾತ್ರ ಬೆಳಗ್ಗೆ ಹಾಸಿಗೆಯಿಂದ ಏಳುವಾಗ ನೋಡ್ಕೋ."